ಗಡಿಯ ಗೋಡೆಯ ಮೇಲಿನ ದಪ್ಪಕ್ಷರ: ಒಂದು ಸಿಂಹಾವಲೋಕನ

ಆಂಧ್ರಪ್ರದೇಶದ ಗಡಿ ಊರುಗಳಾದ ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಕನ್ನಡ ಮೊದಲು ಕಣ್ಣಿಗೆ ಬೀಳುವುದು ದಪ್ಪಕ್ಷರದಲ್ಲಿ. ಓದುವ ಪುಸ್ತಕ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಅಚ್ಚಾಗಿ ಇಲ್ಲಿಗೆ ಬರುತ್ತದೆ. ಊರಿನವರು ತಾವೇ ಬರೆಸುವ, ತಾವೇ ಅಚ್ಚು ಹಾಕಿಸುವ ಕನ್ನಡದ ದಾರಿ ಬೇರೆ. ಕರ್ನಾಟಕ ಸಾರಿಗೆ ಬಸ್ಸಿನ ಹಣೆಯ ಮೇಲಿನ ಊರ ಹೆಸರು, ಪಾವಗಡ, ಮಧುಗಿರಿ, ಗೌರಿಬಿದನೂರು, ಚಳ್ಳಕೆರೆಯ ನೆಂಟರಿಗೂ ತಲುಪಬೇಕಾದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಲಾರಿಯ ಬೆನ್ನಿನ ರೇಡಿಯಂ ಬರಹ, ಮಠದ ಕಮಾನು, ಹುಣಸೆ, ಬೆಲ್ಲದ ವ್ಯಾಪಾರಕ್ಕೆ ಗಡಿಯಾಚೆಯಿಂದ ಬರುವ ರೈತನಿಗೆ ಗುರುತು ಸಿಗಲೆಂದು ಬರೆಸಿದ ಮಂಡಿಯ ಫಲಕ. ಇವೆಲ್ಲ ತಲೆಬರಹದ ಕನ್ನಡ. ದೂರದಿಂದ ಕಾಣಬೇಕು, ಒಂದೇ ನೋಟಕ್ಕೆ ಓದಿಸಿಕೊಳ್ಳಬೇಕು, ಪಕ್ಕದ ತೆಲುಗಿನೊಂದಿಗೆ ಹೊಂದಿಕೊಂಡೂ ತನ್ನ ಗುರುತು ಉಳಿಸಿಕೊಳ್ಳಬೇಕು. ಗಡಿಯಲ್ಲಿ ಕನ್ನಡದ ಆರೋಗ್ಯ ಹೇಗಿದೆ ಎಂದು ಕೇಳುವವರು ಶಾಲೆಗಳ ಹಾಜರಾತಿಯನ್ನು ನೋಡುತ್ತಾರೆ, ಜನಗಣತಿಯ ಅಂಕಿ ನೋಡುತ್ತಾರೆ. ಗೋಡೆಯ ಮೇಲಿನ ಅಕ್ಷರವನ್ನೂ ನೋಡಬೇಕು ಎಂಬುದು ನಮ್ಮ ಬಿನ್ನಹ.

ಅಚ್ಚುಮೊಳೆಯಿಂದ ಕುಂಚಕ್ಕೆ, ಕುಂಚದಿಂದ ಕಂಪ್ಯೂಟರಿಗೆ, ಅಲ್ಲಿಂದ ಫ್ಲೆಕ್ಸಿಗೆ ಬಂದ ಈ ದಾರಿಯನ್ನು ಹಿಂದಿರುಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕನ್ನಡ ಫಾಂಟುಗಳ ಸಂಖ್ಯೆ ಹಿಂದೆಂದಿಗಿಂತ ಹೆಚ್ಚಾಗಿದೆ. ಆದರೆ ಬೋರ್ಡು ಬರೆಯುವವರ ಕೈಯಲ್ಲಿದ್ದ ದಪ್ಪ–ತೆಳುವಿನ ತುಂಬು ಅಕ್ಷರಕ್ಕೆ, ಅಂದರೆ ತಲೆಬರಹಕ್ಕೆಂದೇ ರೂಪಿಸಿದ ದಪ್ಪ ಸೆರಿಫ್ ಅಕ್ಷರಕ್ಕೆ, ಕಂಪ್ಯೂಟರಿನಲ್ಲಿ ಇನ್ನೂ ತಕ್ಕ ವಾರಸುದಾರ ಬಂದಿಲ್ಲ. ಆ ಕೊರತೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಈ ಎರಡು ಊರುಗಳ ಬೀದಿಯಲ್ಲಿ. ಅದನ್ನು ತುಂಬುವ ಸಾಮಗ್ರಿ ಇರುವುದೂ ಇಲ್ಲಿಯೇ.

ಕಲ್ಲಿನಿಂದ ಮೊಳೆಗೆ

ಈ ಸೀಮೆಗೆ ದೊಡ್ಡ ಅಕ್ಷರ ಹೊಸದಲ್ಲ. ರಾಯದುರ್ಗಕ್ಕೆ ಹತ್ತಿಕೊಂಡಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಬಿ.ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ಅದನ್ನು ಬರೆದವನು ಚಪಡ. ಶಾಸನದ ಕೊನೆಯಲ್ಲಿ ತನ್ನ ಹೆಸರನ್ನು ಬ್ರಾಹ್ಮಿಯಲ್ಲೂ, ತಾನು ಲಿಪಿಕಾರನೆಂಬುದನ್ನು ವಾಯವ್ಯ ದೇಶದ ಖರೋಷ್ಠಿಯಲ್ಲೂ ಅವನು ದಾಖಲಿಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಎರಡು ಲಿಪಿ ಬಲ್ಲ ಬರಹಗಾರನೊಬ್ಬ ಈ ನೆಲದಲ್ಲಿ ತನ್ನ ಕಸುಬಿಗೆ ಸಹಿ ಹಾಕಿದ್ದ. ಮಡಕಶಿರಾ ಕಡೆಯ ಹೇಮಾವತಿ, ಅಂದಿನ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ಶಾಸನಗಳು ಕನ್ನಡದಲ್ಲಿವೆ. ಹಿಂದೂಪುರಕ್ಕೆ ಕೂಗಳತೆಯಲ್ಲಿರುವ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ 16ನೆಯ ಶತಮಾನದ ಕನ್ನಡ ಶಾಸನಗಳಿವೆ. ಗುಡಿ ನೋಡಲು ಬರುವವರು ತೂಗುಕಂಬ ನೋಡುತ್ತಾರೆ, ನಂದಿಯನ್ನು ನೋಡುತ್ತಾರೆ. ಅಕ್ಷರವನ್ನು ನಿಂತು ನೋಡುವವರು ಕಡಿಮೆ. ಆ ಕಾಲದ ಲಿಪಿಯನ್ನು ಕನ್ನಡವೆಂದೂ ತೆಲುಗೆಂದೂ ಬೇರ್ಪಡಿಸುವುದೇ ಕಷ್ಟ. ಕದಂಬರ ಕಾಲದಿಂದ ಬಂದ ಒಂದೇ ಬರಹ ನಿಧಾನವಾಗಿ ಕವಲೊಡೆಯಿತು. ಅಚ್ಚು ಬಂದ ಮೇಲೆ ಆ ಕವಲು ಗಟ್ಟಿಯಾಯಿತು.

ಕನ್ನಡದ ಅಚ್ಚುಮೊಳೆಯ ಆರಂಭದ ಹೆಜ್ಜೆಗಳಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ದೊಡ್ಡದು. ಅದು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಅಚ್ಚುಮೊಳೆಯಲ್ಲಿ ಪ್ರಕಟವಾಯಿತು. ನಮ್ಮ ಸೀಮೆ ಆಗ ಬಳ್ಳಾರಿ ಜಿಲ್ಲೆಯ ಭಾಗ; ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮೊಳೆಗೆ ಏರಿದ್ದು ನಮ್ಮದೇ ಜಿಲ್ಲೆಯ ಕೇಂದ್ರದಲ್ಲಿ ಎಂಬುದನ್ನು ಗಡಿಯ ಕನ್ನಡಿಗರು ನೆನಪಿನಲ್ಲಿಡಬೇಕು.

ಕ್ರೈಸ್ತ ಮಿಷನ್ನಿನ ಮೊಳೆಗಳು ಹುಟ್ಟಿದ್ದು ಧರ್ಮಗ್ರಂಥ, ವ್ಯಾಕರಣ, ನಿಘಂಟುಗಳಿಗಾಗಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಆ ಪರಂಪರೆಯ ಶಿಖರ. ಸಣ್ಣ ಅಕ್ಷರ ಓದಿಸಿಕೊಂಡು ಹೋಗಬೇಕೆಂಬುದು ಅವರ ಗುರಿ. ದಪ್ಪಕ್ಷರದ ಹುಟ್ಟಿಗೆ ಬೇರೆ ಕಾರಣ ಬೇಕು: ಮಾರಾಟ, ಸಭೆ, ಜಾತ್ರೆ, ನಾಟಕ. ಇಂಗ್ಲೆಂಡಿನಲ್ಲಿ 19ನೆಯ ಶತಮಾನದ ಮೊದಲ ದಶಕಗಳಲ್ಲೇ ಲಾಟರಿ ಚೀಟಿಗೂ ನಾಟಕದ ಭಿತ್ತಿಪತ್ರಕ್ಕೂ ರಾಬರ್ಟ್ ಥಾರ್ನ್‌ನಂಥ ಮೊಳೆಗಾರರು ಕಡುದಪ್ಪ ಸೆರಿಫ್ ಅಕ್ಷರಗಳನ್ನು ಎರಕ ಹೊಯ್ದರು. ಪುಸ್ತಕದ ಸಾಲಿಗಲ್ಲ, ದೂರದಿಂದ ಕಾಣಲೆಂದೇ ಬರೆದ ಅಕ್ಷರ ಅದು. ಅಮೆರಿಕದಲ್ಲಿ 1922ರಲ್ಲಿ ಬಂದ ಕೂಪರ್ ಬ್ಲ್ಯಾಕ್ ಅಕ್ಷರ ನೂರು ವರ್ಷವಾದರೂ ಅಂಗಡಿಯ ಬೋರ್ಡುಗಳಲ್ಲಿ ಬದುಕಿರುವುದು ಅದೇ ಕಾರಣಕ್ಕೆ. ಕನ್ನಡದಲ್ಲಿ ಆ ಕೆಲಸ ಮೊಳೆಗಿಂತ ಹೆಚ್ಚಾಗಿ ಕೈಯಲ್ಲಿ ನಡೆಯಿತು. ಒತ್ತಕ್ಷರ, ಕೊಂಬು, ದೀರ್ಘಗಳಿಂದಾಗಿ ಕನ್ನಡದ ಒಂದು ಅಳತೆಯ ಕೇಸಿಗೆ ನೂರಾರು ಬಗೆಯ ಮೊಳೆ ಬೇಕು. ಸಣ್ಣ ಊರಿನ ಟ್ರೆಡಲ್ ಪ್ರೆಸ್ಸಿನವರು ಒಂದೆರಡು ಅಳತೆಯ ದಪ್ಪ ಮೊಳೆ ಇಟ್ಟುಕೊಳ್ಳುವುದೇ ದೊಡ್ಡ ಮಾತು. ಅದಕ್ಕಿಂತ ದೊಡ್ಡದು ಬೇಕಾದರೆ ಬ್ಲಾಕು ಮಾಡಿಸಬೇಕು, ಇಲ್ಲವೇ ಕುಂಚ ಹಿಡಿದವನನ್ನು ಕರೆಯಬೇಕು.

ಕುಂಚದ ಕಾಲ

ಬೋರ್ಡು ಬರೆಯುವ ಕಲಾವಿದ ಮೊದಲು ದಾರಕ್ಕೆ ಬಣ್ಣದ ಪುಡಿ ಹಚ್ಚಿ, ಎಳೆದು ಬಿಟ್ಟು, ಗೋಡೆಯ ಮೇಲೆ ಗೆರೆ ಮೂಡಿಸುತ್ತಾನೆ. ಇಂಗ್ಲಿಷಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ಕೆಳಗೆ ಒತ್ತಿಗೆಂದು ಇನ್ನೊಂದು ಗೆರೆ, ಮೇಲೆ ಗುಡಿಸಿಗೆಂದು ಸ್ವಲ್ಪ ಜಾಗ. ಚಾಕ್‌ಪೀಸಿನಲ್ಲಿ ಅಕ್ಷರದ ಒಡಲನ್ನು ಗುರುತು ಮಾಡಿ, ಚಪ್ಪಟೆ ಬ್ರಷ್ಷನ್ನು ಓರೆಯಾಗಿ ಹಿಡಿದು ಎಳೆಯುತ್ತಾನೆ. ಬ್ರಷ್ಷಿನ ಅಗಲ ತಿರುವಿನಲ್ಲಿ ತಾನಾಗಿ ತೆಳುವಾಗುತ್ತದೆ, ಬದಿಗಳಲ್ಲಿ ತಾನಾಗಿ ದಪ್ಪವಾಗುತ್ತದೆ. ಕನ್ನಡದ ದುಂಡು ಅಕ್ಷರಕ್ಕೆ ಜೀವ ಬರುವುದು ಈ ದಪ್ಪ–ತೆಳುವಿನಲ್ಲಿ. ಇಂಗ್ಲಿಷ್ ಅಕ್ಷರದ ತುದಿಯಲ್ಲಿರುವಂಥ ಅಡ್ಡಪಟ್ಟಿ ನಮ್ಮಲ್ಲಿಲ್ಲ. ಫಾಂಟು ಮಾಡುವವರು ಕನ್ನಡದಲ್ಲಿ ಸೆರಿಫ್ ಎಂದು ಕರೆಯುವುದು ಈ ದಪ್ಪ–ತೆಳುವಿನ ಅಕ್ಷರವನ್ನು. ಎಲ್ಲೆಡೆ ಒಂದೇ ದಪ್ಪವಿರುವ ಅಕ್ಷರವನ್ನು ಸ್ಯಾನ್ಸ್ ಎನ್ನುತ್ತಾರೆ.

ಹಿಂದೂಪುರ, ಕಲ್ಯಾಣದುರ್ಗದ ಕಲಾವಿದರಿಗೆ ಬೇರೆಡೆ ಇಲ್ಲದ ಒಂದು ಅನುಕೂಲವಿತ್ತು, ಒಂದು ಹೊಣೆಯೂ ಇತ್ತು. ಒಂದೇ ಬ್ರಷ್ಷಿನಲ್ಲಿ ತೆಲುಗನ್ನೂ ಕನ್ನಡವನ್ನೂ ಬರೆಯಬೇಕು. ಜ, ಣ, ಬ, ಲ ಮೊದಲಾದ ಅಕ್ಷರಗಳಿಗೆ ಎರಡು ಲಿಪಿಯಲ್ಲೂ ತಲೆಕಟ್ಟಿಲ್ಲ. ಆಕಾರವೂ ಬಹುತೇಕ ಒಂದೇ. ಗ, ದ, ನ, ರ, ವಗಳ ಒಡಲು ಒಂದೇ, ಮೇಲಿನ ತಲೆಕಟ್ಟು ಬೇರೆ. ತೆಲುಗಿನ ತಲೆಕಟ್ಟು ಸರಿಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕನ್ನಡದ್ದು ಅಡ್ಡಲಾಗಿ ಸಾಗಿ ಬಲಕ್ಕೆ ಸುರುಳಿಯಾಗುತ್ತದೆ. ಕ, ತ, ಶ, ಹಗಳ ಆಕಾರವೇ ಬೇರೆ. ಈ ಭೇದವನ್ನು ಪಠ್ಯಪುಸ್ತಕದಿಂದ ಕಲಿತವರಲ್ಲ ಅವರು. ದಿನವೂ ಬರೆದು ಕೈಗೆ ಕೂರಿಸಿಕೊಂಡವರು. ಎರಡು ಭಾಷೆಯ ಫಲಕ ಬರೆದಾಗ ಎರಡೂ ಒಂದೇ ಕೈಯದ್ದೆಂದು ತಿಳಿಯುತ್ತಿತ್ತು, ಆದರೂ ಎರಡೂ ಬೇರೆ ಭಾಷೆಯೆಂದು ಗೊತ್ತಾಗುತ್ತಿತ್ತು. ಬೋರ್ಡಿನ ಮೂಲೆಯಲ್ಲಿ ಚಿಕ್ಕದಾಗಿ ಕಲಾವಿದನ ಹೆಸರೂ ಅದರ ಪಕ್ಕದಲ್ಲಿ ಆರ್ಟ್ಸ್ ಎಂಬ ಮಾತೂ ಇರುತ್ತಿತ್ತು. ಚಪಡನ ಸಹಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಹಿಂದೂಪುರಕ್ಕೆ ದೊಡ್ಡ ಅಕ್ಷರದ ಗೀಳು ಹತ್ತಿಸಿದ್ದರಲ್ಲಿ ಸಿನಿಮಾ ಮತ್ತು ರಾಜಕೀಯದ ಪಾಲು ದೊಡ್ಡದು. ತೆಲುಗು ಚಿತ್ರನಟ ಎನ್.ಟಿ. ರಾಮರಾವ್ 1985, 1989, 1994ರಲ್ಲಿ ಇಲ್ಲಿಂದಲೇ ವಿಧಾನಸಭೆಗೆ ಗೆದ್ದರು. ಸಿನಿಮಾ ಪೋಸ್ಟರಿನ ಅಕ್ಷರ ಚುನಾವಣೆಯ ಗೋಡೆಗೆ ಇಳಿಯಲು ತಡವಾಗಲಿಲ್ಲ. ದಪ್ಪ ಅಕ್ಷರ, ಅದಕ್ಕೊಂದು ಔಟ್‌ಲೈನ್, ಬಲಕ್ಕೆ ಇಳಿಬಿಟ್ಟ ಶೇಡು: ಈ ಶೈಲಿ ತೆಲುಗಿನಿಂದ ಕನ್ನಡಕ್ಕೆ, ಕನ್ನಡ ಚಿತ್ರಗಳ ಪೋಸ್ಟರಿನಿಂದ ಮತ್ತೆ ತೆಲುಗಿಗೆ ಓಡಾಡಿತು. ಆ ಕೊಡುಕೊಳ್ಳುವಿಕೆಯಿಂದ ಎರಡೂ ಲಿಪಿಗಳು ಗಳಿಸಿದವು.

ಕಂಪ್ಯೂಟರ್ ಬಂದ ಮೇಲೆ

ಕನ್ನಡದ ಕಂಪ್ಯೂಟರ್ ಬರಹಕ್ಕೆ ಅಡಿಪಾಯ ಹಾಕಿದವರಲ್ಲಿ ಕೆ.ಪಿ. ರಾವ್ ಮೊದಲಿಗರು, ಕನ್ನಡದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಕೀಲಿಮಣೆ ವಿನ್ಯಾಸ ಅವರದು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಅಚ್ಚಿನ ಕೆಲಸಕ್ಕೆ ಶ್ರೀಲಿಪಿ ಆಧಾರವಾಯಿತು. ಗಡಿಯೀಚೆಯ ಡಿಟಿಪಿ ಅಂಗಡಿಗಳಲ್ಲಿ ತೆಲುಗಿಗೆ 'ಅನು', ಕನ್ನಡಕ್ಕೆ ನುಡಿ ಅಥವಾ ಶ್ರೀಲಿಪಿ. ಟ್ರೆಡಲ್ ಪ್ರೆಸ್ಸಿನಲ್ಲಿ ಮೊಳೆಗೆ ಕಾಯಬೇಕಿದ್ದ ಊರು ಒಮ್ಮೆಗೇ ಹತ್ತಾರು ಅಕ್ಷರರೂಪಗಳ ಒಡೆಯನಾಯಿತು. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ರಾಯದುರ್ಗ ಕಡೆಯ ಕನ್ನಡ ಶಾಲೆಗಳ ಮೇಷ್ಟರು ಪ್ರಶ್ನೆಪತ್ರಿಕೆಯನ್ನು ತಾವೇ ಟೈಪು ಮಾಡುವಂತಾಯಿತು. ಇದು ಸಣ್ಣ ಗಳಿಕೆಯಲ್ಲ.

ಯುನಿಕೋಡ್ ಎರಡು ಲಿಪಿಗಳಿಗೂ ತಲಾ 128 ಮನೆ ಕೊಟ್ಟು, ಪಕ್ಕಪಕ್ಕದಲ್ಲೇ ಕೂರಿಸಿದೆ. ತೆಲುಗಿನ ಕೊನೆಯ ಮನೆ ಮುಗಿದಲ್ಲಿ ಕನ್ನಡದ್ದು ಶುರು. ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ 'ತುಂಗಾ' ಫಾಂಟಿನ ಹಿಂದೆ ಆರ್.ಕೆ. ಜೋಶಿ ಅವರ ಮಾರ್ಗದರ್ಶನವಿತ್ತು. ಆದರೆ ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗೆ ಯುನಿಕೋಡ್ ಗೊತ್ತಿರಲಿಲ್ಲ. ಹೀಗಾಗಿ ಮೊಬೈಲಿನ ಕನ್ನಡ ಯುನಿಕೋಡಿಗೆ ಬಂದ ಮೇಲೂ ಡಿಟಿಪಿ ಅಂಗಡಿಯ ಕನ್ನಡ ಹಳೆಯ ಫಾಂಟುಗಳಲ್ಲೇ ಉಳಿಯಿತು. ಹೊಸದಾಗಿ ಬಂದ ಒಳ್ಳೆಯ ಅಕ್ಷರಗಳು ಬೀದಿಗೆ ಬರಲು ತಡವಾದದ್ದಕ್ಕೆ ಇದು ಮುಖ್ಯ ಕಾರಣ.

ಹೊಸದು ಬಂದದ್ದಂತೂ ನಿಜ. ಏಕ್ ಟೈಪ್ ತಂಡದ 'ಬಾಲು' ಕುಟುಂಬದಲ್ಲಿ ಕನ್ನಡಕ್ಕೆ 'ಬಾಲು ತಮ್ಮ', ತೆಲುಗಿಗೆ 'ಬಾಲು ತಮ್ಮುಡು' ಬಂದವು. ದುಂಡಗೆ, ದಪ್ಪಗೆ, ಅಂಗಡಿಯ ಬೋರ್ಡಿಗೆ ಹೇಳಿಮಾಡಿಸಿದಂಥವು. ಅದೇ ತಂಡ 2022ರಲ್ಲಿ 'ಅನೇಕ್' ತಂದಿತು. ಒಂದೇ ಫಾಂಟಿನಲ್ಲಿ ಅಗಲವನ್ನೂ ದಪ್ಪವನ್ನೂ ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಕನ್ನಡಕ್ಕೆ 'ಅಕಾಯ ಕನಡಕ', ತೆಲುಗಿಗೆ 'ಅಕಾಯ ತೆಲಿವಿಗಲ' ಎಂಬ ಜೋಡಿ ಕೊಟ್ಟರು. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ರೂಪಿಸಿದ ಟಿರೋ ಅಕ್ಷರಗಳು ಎಲ್ಲರಿಗೂ ಮುಕ್ತವಾಗಿ ಸಿಕ್ಕವು. ನೋಟೋ ಸೆರಿಫ್ ಕನ್ನಡದಲ್ಲೂ ತೆಲುಗಿನಲ್ಲೂ ಕಡುತೆಳುವಿನಿಂದ ಕಡುದಪ್ಪದವರೆಗೆ ಒಂಬತ್ತು ಹಂತಗಳಿವೆ. ಇವೆಲ್ಲ ದುಡ್ಡು ಕೊಡದೆ ಯಾರು ಬೇಕಾದರೂ ಬಳಸಬಹುದಾದ ಫಾಂಟುಗಳು.

ತೆಲುಗಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಿಲಿಕಾನ್ ಆಂಧ್ರ ಸಂಸ್ಥೆಯ ಮೂಲಕ ಪುರುಷೋತ್ ಕುಮಾರ್ ಗುತ್ತುಲ ಅವರು ರೂಪಿಸಿದ ಫಾಂಟುಗಳ ಸಾಲಿನಲ್ಲಿ ಶ್ರೀಕೃಷ್ಣದೇವರಾಯನ ಹೆಸರಿದೆ, ಪೆದ್ದನ, ತಿಮ್ಮನ, ಧೂರ್ಜಟಿ, ರಾಮಭದ್ರ, ತೆನಾಲಿ ರಾಮಕೃಷ್ಣರ ಹೆಸರುಗಳಿವೆ. ಹಿಂದೂಪುರದ ಶಾಸಕರಾಗಿದ್ದವರ ಹೆಸರಿನ 'ಎನ್‌ಟಿಆರ್' ಫಾಂಟೂ ಇದೆ. ಅದೇ ಸಾಲಿನ 'ರಾಮರಾಜ' ತಲೆಬರಹ, ಪೋಸ್ಟರು, ಆಮಂತ್ರಣಗಳಿಗೆಂದೇ ರೂಪಿಸಿದ ದಪ್ಪ ಅಕ್ಷರ. ಅದರ ಇಂಗ್ಲಿಷ್ ಭಾಗ ಸೆರಿಫ್. ತಲೆಬರಹಕ್ಕೆ ಬೇರೆಯೇ ಅಕ್ಷರ ಬೇಕು ಎಂದು ಅವರು ಅರಿತು ಕೆಲಸ ಮಾಡಿದರು. ಹಿಂದೂಪುರದ ಎರಡು ಭಾಷೆಯ ಆಮಂತ್ರಣದಲ್ಲಿ ತೆಲುಗು ಸಾಲಿಗೆ ರಾಮರಾಜವನ್ನು ಹಾಕಿದರೆ, ಕೆಳಗಿನ ಕನ್ನಡ ಸಾಲಿಗೆ ಅದರ ಜೊತೆ ನಿಲ್ಲುವ ಅಕ್ಷರ ಸಿಗುವುದಿಲ್ಲ. ನಮ್ಮ ದೂರು ಇಷ್ಟೇ, ಆದರೆ ಇದು ದೊಡ್ಡ ದೂರು.

ಬೋರ್ಡಿನ ಮೇಲೆ ಕಲ್ಯಾಣದುರ್ಗ

ಕೊರತೆ ಎಲ್ಲಿದೆ ಎಂದು ತಿಳಿಯಲು ಒಂದು ಬಸ್ಸಿನ ಬೋರ್ಡು ಸಾಕು. 'ಕಲ್ಯಾಣದುರ್ಗ' ಎಂದು ಬರೆದು ನೋಡಿ. ಕನ್ನಡ ದಪ್ಪಕ್ಷರದ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪದ ಹುಡುಕಿದರೂ ಸಿಗದು. ಮೊದಲ ಅಕ್ಷರ ಕ. ತಲೆಕಟ್ಟು, ನಡುವಿನ ಅಡ್ಡಗೆರೆ, ಕೆಳಗಿನ ದುಂಡು, ಮೂರೂ ಒಂದರ ಮೇಲೊಂದು. ಗೆರೆ ದಪ್ಪವಾದರೆ ನಡುವಿನ ಬಿಳಿ ಮುಚ್ಚಿಹೋಗುತ್ತದೆ. ಎರಡನೆಯದು ಲ್ಯಾ, ಕೆಳಗೆ ಯ ಒತ್ತು, ಬಲಕ್ಕೆ ದೀರ್ಘ. ಒತ್ತನ್ನು ಒಡಲಿನಷ್ಟೇ ದಪ್ಪ ಮಾಡಿದರೆ ಬಸ್ಸಿನ ಬೋರ್ಡಿನ ಚೌಕಟ್ಟಿನಿಂದ ಹೊರಗೆ ಬೀಳುತ್ತದೆ. ಚಿಕ್ಕದು ಮಾಡಿದರೆ ದೂರದಿಂದ ಕಾಣದು. ಮೂರನೆಯದು ಣ; ಒಳಗಿನ ಸುರುಳಿಗಳು ತುಂಬಿಕೊಂಡು ಮುದ್ದೆಯಾಗುವ ಅಪಾಯ ಇದಕ್ಕೇ ಹೆಚ್ಚು. ಆಮೇಲೆ ದು, ಕೊಂಬಿನ ಬಾಲಕ್ಕೆ ಬಲಗಡೆ ಜಾಗ ಬೇಕು. ಕೊನೆಗೆ ರ್ಗ, ಅಲ್ಲಿದೆ ಅರ್ಕಾವತ್ತು.

ಈ ಅರ್ಕಾವತ್ತೇ ಎರಡು ಲಿಪಿಗಳ ನಡುವಿನ ಗಡಿಕಲ್ಲು. ತೆಲುಗಿನವರು ಊರ ಹೆಸರನ್ನು ದುರ್ಗಂ ಎಂದು ಬರೆಯುವಾಗ ರಕಾರವನ್ನು ಪೂರ್ತಿ ಬರೆದು, ಅದರ ಕೆಳಗೆ ಗ ಒತ್ತು ಕೊಡುತ್ತಾರೆ. ಅರ್ಕಾವತ್ತಿನ ಗುರುತು ಅವರಲ್ಲಿ ಈಗ ಬಳಕೆಯಲ್ಲಿಲ್ಲ. ಕನ್ನಡದವರು ಗ ಬರೆದು ಅದರ ಮುಂದೆ ಅರ್ಕಾವತ್ತು ಇಡುತ್ತಾರೆ. ತೆಲುಗಿನಲ್ಲಿ ಪಳಗಿದ ಆಪರೇಟರ್ ಹಳೆಯ ಫಾಂಟಿನಲ್ಲಿ ಕನ್ನಡ ಜೋಡಿಸುವಾಗ ಕೈ ತೆಲುಗಿನ ಅಭ್ಯಾಸದಂತೆ ಓಡುತ್ತದೆ. ರಕಾರದ ಕೆಳಗೆ ಗ ಒತ್ತು ಬೀಳುತ್ತದೆ. ಯುನಿಕೋಡಿನಲ್ಲಿ ರ, ಅರ್ಧಚಿಹ್ನೆ, ಗ ಒತ್ತಿದರೆ ಅರ್ಕಾವತ್ತು ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ. ಗಡಿಯ ಡಿಟಿಪಿ ಅಂಗಡಿಗಳು ಯುನಿಕೋಡಿಗೆ ಬರಬೇಕು ಎನ್ನುವುದಕ್ಕೆ ಈ ಒಂದೇ ಕಾರಣ ಸಾಕು.

'ಹಿಂದೂಪುರ' ಇದರ ಎದುರು ಸರಳ. ಒತ್ತಿಲ್ಲ, ಅರ್ಕಾವತ್ತಿಲ್ಲ, ಹಕಾರ ಒಂದನ್ನು ಬಿಟ್ಟರೆ ತೆಲುಗಿನಲ್ಲೂ ಕನ್ನಡದಲ್ಲೂ ಒಡಲುಗಳು ಹತ್ತಿರ ಹತ್ತಿರ. ಎರಡು ಲಿಪಿಗಳ ದಪ್ಪಕ್ಷರವನ್ನು ಜೋಡಿಯಾಗಿ ರೂಪಿಸಹೊರಟವರು ಹಿಂದೂಪುರದಿಂದ ಶುರು ಮಾಡಿ ಕಲ್ಯಾಣದುರ್ಗದಲ್ಲಿ ಮುಗಿಸಬೇಕು. ಒಂದು ಪದ ಸಾಮ್ಯವನ್ನು ತೋರಿಸುತ್ತದೆ, ಇನ್ನೊಂದು ಭೇದವನ್ನು.

ಗಳಿಸಿದ್ದು, ಕಳೆದದ್ದು

ಲೆಕ್ಕ ಹಾಕೋಣ. ಗಳಿಕೆಯ ಕಡೆ: ಅಕ್ಷರ ಎಲ್ಲರ ಕೈಗೂ ಬಂತು, ಅಗ್ಗವಾಯಿತು, ತಪ್ಪಿದ್ದನ್ನು ಕ್ಷಣದಲ್ಲಿ ತಿದ್ದಬಹುದು. 2022ರ ಏಪ್ರಿಲ್ 4ರಂದು ಹಿಂದೂಪುರ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆಯ ಹೆಸರಿದ್ದ ಫಲಕಗಳನ್ನೆಲ್ಲ ಬದಲಿಸಬೇಕಾಯಿತು. ಕುಂಚದ ಕಾಲದಲ್ಲಾಗಿದ್ದರೆ ಅದಕ್ಕೆ ಹಿಡಿಯುತ್ತಿದ್ದ ಹೊತ್ತೇ ಬೇರೆ.

ಕಳೆದದ್ದರ ಕಡೆ ಬಂದರೆ, ಮೊದಲನೆಯದು ದಪ್ಪದ ಅರ್ಥವೇ ಕೆಟ್ಟಿತು. ಫ್ಲೆಕ್ಸ್ ಅಂಗಡಿಯಲ್ಲಿ ದಪ್ಪ ಬೇಕೆಂದರೆ ಪುಸ್ತಕದ ಅಕ್ಷರವನ್ನು ತೆಗೆದುಕೊಂಡು, ಅದರ ಸುತ್ತ ಅದೇ ಬಣ್ಣದ ಔಟ್‌ಲೈನ್ ಏರಿಸುತ್ತಾರೆ. ಅಕ್ಷರ ಹೊರಗೂ ಒಳಗೂ ಒಂದೇ ಸಮ ಊದಿಕೊಳ್ಳುತ್ತದೆ. ದಪ್ಪ–ತೆಳುವಿನ ಭೇದ ಅಳಿಯುತ್ತದೆ. ಮಹಾಪ್ರಾಣದ ಹೊಟ್ಟೆಯ ಸೀಳು ಮುಚ್ಚುತ್ತದೆ. ಧನ ದನವಾಗುತ್ತದೆ, ಭಾರ ಬಾರವಾಗುತ್ತದೆ. ಥಕಾರದ ನಡುವಿನ ಚುಕ್ಕಿ ಗೋಡೆಗೆ ಅಂಟಿಕೊಳ್ಳುತ್ತದೆ. ಜಾಗ ಸಾಲದಿದ್ದರೆ ಅಕ್ಷರವನ್ನು ಅಡ್ಡಲಾಗಿ ಹಿಂಡುತ್ತಾರೆ. ನಿಂತ ಗೆರೆಗಳು ತೆಳುವಾಗಿ, ಮಲಗಿದ ಗೆರೆಗಳು ದಪ್ಪವಾಗಿ, ಅಕ್ಷರದ ಒಳಲೆಕ್ಕವೇ ತಲೆಕೆಳಗಾಗುತ್ತದೆ. ರೇಡಿಯಂ ಸ್ಟಿಕರ್ ಕತ್ತರಿಸುವವರ ಕಷ್ಟ ಬೇರೆ. ತೆಳು ಗೆರೆ ಬಿಸಿಲಿಗೆ ಎದ್ದು ಬರುತ್ತದೆಂದು ಅವರು ದಪ್ಪಕ್ಷರವನ್ನೇ ಆರಿಸುತ್ತಾರೆ. ಆದರೆ ಒತ್ತು ಮತ್ತು ಒಡಲಿನ ಗೆರೆಗಳು ಒಂದರ ಮೇಲೊಂದು ಹಾಯ್ದಿರುವ ಫಾಂಟಾದರೆ ಯಂತ್ರದ ಬ್ಲೇಡು ಹಾಯ್ದ ಕಡೆಯಲ್ಲೆಲ್ಲ ಕತ್ತರಿಸಿ, ಅಕ್ಷರದ ನಡುವೆಯೇ ತೂತು ಬೀಳಿಸುತ್ತದೆ. ಇವೆಲ್ಲ ಆಪರೇಟರುಗಳ ಅಜ್ಞಾನವೆಂದು ದೂರುವುದು ಅನ್ಯಾಯ. ಅವರಿಗೆ ಬೇಕಾದ ಅಕ್ಷರವನ್ನು ಯಾರೂ ಕೊಡಲಿಲ್ಲ. ಇದ್ದುದರಲ್ಲೇ ಅವರು ದಾರಿ ಕಂಡುಕೊಂಡರು.

ಎರಡನೆಯ ನಷ್ಟ, ಅಕ್ಷರ ಬರೆದವರ ಹೆಸರು. ಪುಸ್ತಕಗಳ ಮುಖಪುಟ ಮಾಡುವ ಅಪಾರ ಅವರಂಥವರ ಕೈಬರಹವನ್ನು ಕರ್ನಾಟಕದ ಓದುಗರು ಗುರುತಿಸುತ್ತಾರೆ. ಅವರ ಅಕ್ಷರ ಫಾಂಟಾಗಿಯೂ ಬಂದಿದೆ. ಹಿಂದೂಪುರದ, ಕಲ್ಯಾಣದುರ್ಗದ ಬೋರ್ಡು ಕಲಾವಿದರ ಅಕ್ಷರಕ್ಕೆ ಆ ಭಾಗ್ಯ ದಕ್ಕಲಿಲ್ಲ. ಗೋಡೆಗೆ ಸುಣ್ಣ ಬಳಿದಾಗ, ಬೋರ್ಡಿನ ಮೇಲೆ ಫ್ಲೆಕ್ಸ್ ಹೊದಿಸಿದಾಗ ಅವರ ಕೆಲಸ ದಾಖಲೆಯಿಲ್ಲದೆ ಅಳಿಯುತ್ತಿದೆ. 2022ರ ಆಗಸ್ಟ್‌ನಲ್ಲಿ ಆಂಧ್ರ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವನ್ನು ಘೋಷಿಸಿದಾಗ ಬಟ್ಟೆಯ ಬ್ಯಾನರಿಗೂ ಕುಂಚಕ್ಕೂ ಮತ್ತೆ ಕಾಲ ಬಂತೆಂಬ ಆಸೆ ಹುಟ್ಟಿತ್ತು. ಅಂಥ ಆಸೆ ಕೈಗೂಡಬೇಕಾದರೆ ಕುಂಚ ಹಿಡಿದವರು ಉಳಿದಿರಬೇಕು.

ಮೂರನೆಯದು ಕಾನೂನಿನ ಮಿತಿ. ಕರ್ನಾಟಕದಲ್ಲಿ 2024ರ ತಿದ್ದುಪಡಿಯಿಂದ ನಾಮಫಲಕದ ಶೇಕಡ 60ರಷ್ಟು ಕನ್ನಡ ಇರಬೇಕೆಂದಾಯಿತು. ಅದು ಅಳತೆಯನ್ನು ಕಾಯುತ್ತದೆ. ಅಕ್ಷರದ ಅಂದವನ್ನು ಕಾಯುವ ಕಾನೂನಿಲ್ಲ, ಇರಲೂ ಆಗದು. ಗಡಿಯೀಚೆ ಆ ಅಳತೆಯ ರಕ್ಷಣೆಯೂ ಇಲ್ಲ. ಇಲ್ಲಿ ಕನ್ನಡ ಫಲಕದ ಮೇಲೆ ಉಳಿದಿರುವುದು ವ್ಯಾಪಾರ, ನೆಂಟಸ್ತಿಕೆ, ಭಕ್ತಿಗಳ ಬಲದಿಂದ. ಯಾರ ಒತ್ತಾಯವೂ ಇಲ್ಲದೆ ಬರೆಸಿದ ಆ ಅಕ್ಷರ ಚೆನ್ನಾಗಿರಬೇಕಾದ್ದು ಹೆಚ್ಚು ಅಗತ್ಯ.

ಆಗಬೇಕಾದ ಕೆಲಸ

ಕನ್ನಡಕ್ಕೆ ಬೇಕಾದ ದಪ್ಪ ಸೆರಿಫ್ ಅಕ್ಷರ ಹೇಗಿರಬೇಕು ಎಂಬುದನ್ನು ಬೀದಿಯೇ ಹೇಳಿಕೊಟ್ಟಿದೆ. ಮೊದಲು ಒಳಗಿನ ಬಿಳಿಯನ್ನು ನಿಗದಿ ಮಾಡಿ, ಆಮೇಲೆ ಅದರ ಸುತ್ತ ಕಪ್ಪನ್ನು ತುಂಬಬೇಕು. ಮಹಾಪ್ರಾಣದ ಸೀಳನ್ನು ಪುಸ್ತಕದ ಅಕ್ಷರದಲ್ಲಿರುವುದಕ್ಕಿಂತ ಅಗಲವಾಗಿ ತೆರೆಯಬೇಕು. ತಲೆಕಟ್ಟು ಒಡಲಿಗಿಂತ ಒಂದಿಷ್ಟು ತೆಳುವಾಗಿ, ಸುರುಳಿಯಲ್ಲಿ ಮಾತ್ರ ಭಾರ ಹೊರಬೇಕು. ಒತ್ತಕ್ಷರಗಳನ್ನು ಕುಗ್ಗಿಸಿ ಅಂಟಿಸದೆ ಬೇರೆಯಾಗಿಯೇ ಬರೆಯಬೇಕು. 'ಸ್ವಾತಂತ್ರ್ಯ'ದಂಥ ಪದದಲ್ಲಿ ಎರಡು ಒತ್ತು ಬಂದಾಗಲೂ ಸಾಲು ಮುರಿಯದಂತೆ ಕೆಳಗಿನ ಆಳವನ್ನು ಅಂಕೆಯಲ್ಲಿಡಬೇಕು. ಅರ್ಕಾವತ್ತಿಗೂ ದೀರ್ಘಕ್ಕೂ ಬಲಗಡೆ ಉಸಿರಾಡುವಷ್ಟು ಜಾಗ ಬೇಕು. ತೆಳು ಗೆರೆ ಫ್ಲೆಕ್ಸಿನಲ್ಲಿ ಮಾಸದಷ್ಟು, ರೇಡಿಯಂನಲ್ಲಿ ಹರಿಯದಷ್ಟು ಗಟ್ಟಿಯಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತೆಲುಗಿನ ಜೋಡಿಯನ್ನು ಅದರೊಂದಿಗೇ ರೂಪಿಸಬೇಕು.

ಅಕ್ಷರವನ್ನು ಬಳಸುವಲ್ಲೂ ವಿವೇಕ ಬೇಕು. ದಪ್ಪ ಸೆರಿಫ್ ಅಕ್ಷರ ಗಾಂಭೀರ್ಯದ್ದು. ಜಾತ್ರೆಯ ಕರಪತ್ರಕ್ಕೆ, ಪುಸ್ತಕದ ಮುಖಪುಟಕ್ಕೆ, ಶಾಲೆಯ ಕಮಾನಿಗೆ, ಸ್ಮಾರಕಕ್ಕೆ, ಲಗ್ನಪತ್ರಿಕೆಯ ಹೆಸರುಗಳಿಗೆ ಅದು ಒಪ್ಪುತ್ತದೆ. ಓಡುವ ವಾಹನದಿಂದ ಓದಬೇಕಾದ ರಸ್ತೆ ಫಲಕಕ್ಕೆ, ಔಷಧದ ಚೀಟಿಗೆ ಒಂದೇ ದಪ್ಪದ ಸರಳ ಅಕ್ಷರವೇ ಸರಿ. ಒಂದು ಫಲಕದಲ್ಲಿ ಒಂದೇ ಸಾಲು ದಪ್ಪವಾಗಿರಲಿ. ಎಲ್ಲವೂ ದಪ್ಪವಾದರೆ ಯಾವುದೂ ಎದ್ದು ಕಾಣುವುದಿಲ್ಲ.

ಎರಡು ಭಾಷೆಗಳನ್ನು ಕೂಡಿಸಿ ದುಡಿಯುವುದು ಈ ಸೀಮೆಗೆ ಹೊಸ ಪಾಠವಲ್ಲ. ಕಲ್ಯಾಣದುರ್ಗದ ಕಡೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಕನ್ನಡದಲ್ಲೂ ಬರೆದರು. ಅಂಥ ನೆಲದಲ್ಲಿ ಎರಡು ಲಿಪಿಗಳಿಗೂ ಸಲ್ಲುವ ಒಂದು ಅಕ್ಷರಜೋಡಿ ಹುಟ್ಟುವುದು ಸಹಜವಾದ ಮಾತು.

ಆದ್ದರಿಂದ ನಮ್ಮ ಮನವಿ ಹೀಗಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯ ಕೂಡಿ ಈ ಭಾಗದ ಕೈಬರಹದ ಬೋರ್ಡು, ಗೋಡೆ, ಕಮಾನುಗಳ ಫೋಟೋ ದಾಖಲೆ ಮಾಡಿಸಲಿ, ಬರೆದವರ ಹೆಸರಿನೊಂದಿಗೆ. ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಸಭೆ, ಸಮಾರಂಭಗಳಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಕನ್ನಡ–ತೆಲುಗು ದಪ್ಪ ಸೆರಿಫ್ ಜೋಡಿಯೊಂದನ್ನು ರೂಪಿಸಲು ಎತ್ತಿಡಲಿ; ಬೋರ್ಡು ಕಲಾವಿದರನ್ನು ಸಂಭಾವನೆ ಕೊಟ್ಟು ಆ ಕೆಲಸದಲ್ಲಿ ಸೇರಿಸಿಕೊಳ್ಳಲಿ; ಸಿದ್ಧವಾದ ಅಕ್ಷರವನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಡಲಿ. ಓದುಗರು ಮಾಡಬೇಕಾದ್ದೂ ಇದೆ. ಮುಂದಿನ ಸಲ ಲಗ್ನಪತ್ರಿಕೆಯ ಪ್ರೂಫ್ ಕೈಗೆ ಬಂದಾಗ, ಅಂಗಡಿಗೆ ಬೋರ್ಡು ಬರೆಸುವಾಗ, ಭಕಾರದ ಸೀಳು ತೆರೆದಿದೆಯೇ, ಅರ್ಕಾವತ್ತು ತನ್ನ ಜಾಗದಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ತಿದ್ದಿಸಿ. ನಿಮ್ಮ ಊರಿನಲ್ಲಿ ಕುಂಚ ಹಿಡಿಯುವವರು ಇನ್ನೂ ಇದ್ದರೆ ಒಂದು ಬೋರ್ಡನ್ನಾದರೂ ಅವರ ಕೈಯಲ್ಲಿ ಬರೆಸಿ, ಮೂಲೆಯಲ್ಲಿ ಅವರ ಹೆಸರು ಹಾಕಿಸಿ.